ರಿಪೇರಿಗೆ ಹೋಗೋ ದಾರಿನೇ ಮುಚ್ಚಿಹೋದಾಗ: ಕೆನಡಾದ ಆ 26 ಗಂಟೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದನ್ನ ಕೇಳ್ತಿದ್ರೆ ಒಂದು ಸಲ ಫೋನ್ ಮೇಲ್ಗಡೆ ನೋಡಿ. ಸಿಗ್ನಲ್ ಕಡ್ಡಿ ಎಷ್ಟಿದೆ? ನಾಲ್ಕೂ ಇದ್ರೆ ಸಂತೋಷ. ಯಾಕಂದ್ರೆ ಇವತ್ತಿನ ಕಥೆಯಲ್ಲಿ ಎಷ್ಟೋ ಜನರ ಫೋನಲ್ಲಿ ಕಡ್ಡಿ ಇತ್ತು, ಅದರ ಹಿಂದೆ ಇರಬೇಕಾದ ನೆಟ್‌ವರ್ಕ್ ಇರಲಿಲ್ಲ. ಅದರಿಂದ ಆದ ಫಜೀತಿ ಸಣ್ಣದಲ್ಲ. ಅದಕ್ಕೆ ಆಮೇಲೆ ಬರ್ತೀನಿ.

2022ರ ಜುಲೈ 8, ಶುಕ್ರವಾರ. ಕೆನಡಾದ ಟೊರೊಂಟೊ ಕಡೆ ಬೆಳಗಿನ ಜಾವ 4 ಗಂಟೆ 45 ನಿಮಿಷ. ನಮ್ಮಲ್ಲಿ ಆಗ ಮಧ್ಯಾಹ್ನ ಎರಡೂಕಾಲು. ರೋಜರ್ಸ್ ಅಂತ ಅಲ್ಲಿನ ಬಹಳ ದೊಡ್ಡ ಟೆಲಿಕಾಂ ಕಂಪನಿ. ನಮ್ಮಲ್ಲಿ ಜಿಯೋ, ಏರ್‌ಟೆಲ್ ಹೇಗೋ ಅಲ್ಲಿ ರೋಜರ್ಸ್, ಬೆಲ್, ಟೆಲಸ್ ಹಾಗೆ. ಆ ರೋಜರ್ಸ್‌ನ ನೆಟ್‌ವರ್ಕ್ ಆ ಹೊತ್ತಿಗೆ ಕುಸಿದು ಬಿತ್ತು. ಮೊಬೈಲ್, ಮನೆ ಇಂಟರ್ನೆಟ್, ಲ್ಯಾಂಡ್‌ಲೈನ್, ಎಲ್ಲಾ ಒಟ್ಟಿಗೆ. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರು. ಕೆನಡಾದ ಇಡೀ ಜನಸಂಖ್ಯೆನೇ ನಾಲ್ಕು ಕೋಟಿಗಿಂತ ಕಮ್ಮಿ ಇತ್ತು ಆಗ, ಲೆಕ್ಕ ಹಾಕ್ಕೊಳ್ಳಿ. ಪೂರ್ತಿ ಸರಿ ಹೋಗೋಕೆ ಸುಮಾರು 26 ಗಂಟೆ ಹಿಡೀತು.

ಅಲ್ಲಿ ಡೆಬಿಟ್ ಕಾರ್ಡ್ ಪಾವತಿ, ಒಬ್ಬರಿಂದ ಒಬ್ಬರಿಗೆ ದುಡ್ಡು ಕಳಿಸೋದು, ಇದೆಲ್ಲ ಇಂಟರಾಕ್ ಅನ್ನೋ ವ್ಯವಸ್ಥೆ ಮೇಲೆ ನಡೆಯುತ್ತೆ. ಅದು ನಿಂತಿದ್ದೂ ರೋಜರ್ಸ್ ಮೇಲೇ. ಅದೂ ಬಿತ್ತು. ನಮಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಒಂದು ಟೆಲಿಕಾಂ ಕಂಪನಿ ಮಲಗಿದ್ದಕ್ಕೆ ದೇಶದಲ್ಲೆಲ್ಲಾ ಯುಪಿಐ ಮಲಗಿದ ಹಾಗೆ. ಅಂಗಡಿ ಬಾಗಿಲಲ್ಲಿ 'ಕ್ಯಾಶ್ ಮಾತ್ರ' ಬೋರ್ಡು. ಆ ದಿನ ಸಂಜೆ ಟೊರೊಂಟೊದಲ್ಲಿ ದಿ ವೀಕೆಂಡ್ ಅನ್ನೋ ಗಾಯಕನ ದೊಡ್ಡ ಶೋ ಇತ್ತು. ಅದನ್ನೂ ಮುಂದೂಡಿದ್ರು. ಆ ಸ್ಟೇಡಿಯಂ ಹೆಸರು ರೋಜರ್ಸ್ ಸೆಂಟರ್. ಕಂಪನಿ ಹೆಸರು ಹೊತ್ತ ಸ್ಟೇಡಿಯಮ್ಮಿಗೇ ಕಂಪನಿಯ ನೆಟ್‌ವರ್ಕ್ ಇಲ್ಲ.

ಆ ಕಡೆ ಟೊರೊಂಟೊ, ಬ್ರಾಂಪ್ಟನ್, ಮಿಸ್ಸಿಸಾಗದಲ್ಲಿ ನಮ್ಮ ಕನ್ನಡದವರೂ ಸಾಕಷ್ಟು ಜನ ಇದ್ದಾರೆ. ಆ ಮಧ್ಯಾಹ್ನ ಇಲ್ಲಿಂದ ಅಲ್ಲಿರೋ ಅಕ್ಕನಿಗೋ ಮಗನಿಗೋ ವಾಟ್ಸಾಪ್ ಮಾಡಿದವರಿಗೆ, ಅವರು ರೋಜರ್ಸ್ ಗ್ರಾಹಕರಾಗಿದ್ರೆ, ಸಿಕ್ಕಿದ್ದು ಒಂದೇ ಟಿಕ್.

ಸರಿ, ನೆಟ್‌ವರ್ಕ್ ಅಂದ್ಮೇಲೆ ಬೀಳುತ್ತೆ. ಯಾವ ದೇಶದ್ದಾದ್ರೂ ಬೀಳುತ್ತೆ. ನನಗೆ ಕುತೂಹಲ ಇರೋದು ಆ 26 ಗಂಟೆ ಮೇಲೆ. ತಪ್ಪು ಆಗಿದ್ದು ಎರಡು ನಿಮಿಷದಲ್ಲಿ. ಸರಿ ಮಾಡೋಕೆ ಒಂದು ದಿನದ ಮೇಲೆ ಎರಡು ಗಂಟೆ ಯಾಕೆ ಬೇಕಾಯ್ತು? ಕೆನಡಾದ ಟೆಲಿಕಾಂ ನಿಯಂತ್ರಣ ಸಂಸ್ಥೆ ಸಿಆರ್‌ಟಿಸಿ, ಅಂದ್ರೆ ನಮ್ಮ ಟ್ರಾಯ್ ಇದ್ದ ಹಾಗೆ, ಅದು ಕ್ಸೋನಾ ಪಾರ್ಟ್ನರ್ಸ್ ಅನ್ನೋ ಹೊರಗಿನ ಸಂಸ್ಥೆಯಿಂದ ತನಿಖೆ ಮಾಡಿಸ್ತು. ಅದರ ಸಾರಾಂಶ 2024ರ ಜುಲೈನಲ್ಲಿ ಹೊರಗೆ ಬಂತು. ನಾನು ಬಿಕಾಂ ಓದಿದವನು, ಆಡಿಟ್ ರಿಪೋರ್ಟ್ ಓದೋ ಚಟ ಇದೆ. ಇದನ್ನೂ ಹಾಗೇ ಕೂತು ಓದಿದೆ. ಎಂಜಿನಿಯರ್ ಆಗದಿದ್ರೂ ಅರ್ಥ ಆಗುತ್ತೆ.

ಆಗಿದ್ದು ಇಷ್ಟು. ರೋಜರ್ಸ್ ತನ್ನ ಕೋರ್ ನೆಟ್‌ವರ್ಕನ್ನ ಅಪ್‌ಗ್ರೇಡ್ ಮಾಡ್ತಿತ್ತು. ಏಳು ಹಂತದ ಕೆಲಸ. ಫೆಬ್ರವರಿಯಿಂದ ಶುರು, ಜುಲೈ 8ಕ್ಕೆ ಆರನೇ ಹಂತ. 4 ಗಂಟೆ 43 ನಿಮಿಷಕ್ಕೆ ಡಿಸ್ಟ್ರಿಬ್ಯೂಷನ್ ರೂಟರ್‌ಗಳ ಕಾನ್ಫಿಗರೇಷನ್‌ನಿಂದ ಒಂದು ಫಿಲ್ಟರ್ ತೆಗೆದುಹಾಕಿದ್ರು. 4 ಗಂಟೆ 45ಕ್ಕೆ ಕೋರ್ ಕುಸಿಯೋಕೆ ಶುರು.

ಫಿಲ್ಟರ್ ಅಂದ್ರೆ ಏನು? ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್ ನೆನಪು ಮಾಡ್ಕೊಳ್ಳಿ. ಅಲ್ಲಿ ಕೂತವರಿಗೆ ಕರ್ನಾಟಕದ ಬಸ್ಸುಗಳ ವೇಳಾಪಟ್ಟಿ ಇದ್ರೆ ಸಾಕು, 'ಶಿವಮೊಗ್ಗ ಬಸ್ಸು ಎಷ್ಟನೇ ಪ್ಲಾಟ್‌ಫಾರಂ' ಅಂದ್ರೆ ಥಟ್ ಅಂತ ಹೇಳ್ತಾರೆ. ಈಗ ಇಡೀ ಭಾರತದ ಎಲ್ಲಾ ಬಸ್ಸಿನ ವೇಳಾಪಟ್ಟಿ ತಂದು ಅವರ ಟೇಬಲ್ ಮೇಲೆ ಸುರಿದ್ರೆ? ಶಿವಮೊಗ್ಗ ಬಸ್ಸಿನ ಹಾಳೆ ಕೂಡ ಅದರಡಿ ಹೂತುಹೋಗುತ್ತೆ. ರೂಟರ್ ಮಾಡೋದೂ ಹೆಚ್ಚುಕಮ್ಮಿ ಅದೇ ಕೆಲಸ, ಯಾವ ಡೇಟಾ ಯಾವ ದಾರಿಯಲ್ಲಿ ಹೋಗಬೇಕು ಅಂತ ಹೇಳೋದು. ಕೋರ್ ರೂಟರ್‌ಗಳಿಗೆ ಬೇಕಾದಷ್ಟೇ ಮಾಹಿತಿ ಒಳಗೆ ಬರಲಿ ಅಂತ ಆ ಫಿಲ್ಟರ್ ಇದ್ದಿದ್ದು. ಅದನ್ನ ತೆಗೆದ ತಕ್ಷಣ ಪ್ರವಾಹದ ಥರ ಮಾಹಿತಿ ನುಗ್ತು, ರೂಟರ್‌ಗಳ ಮೆಮೊರಿ, ಪ್ರೊಸೆಸರ್ ಎರಡೂ ತುಂಬಿ ಕ್ರ್ಯಾಶ್ ಆದವು. 'ಇಷ್ಟಕ್ಕಿಂತ ಜಾಸ್ತಿ ಬಂದ್ರೆ ತಗೋಬೇಡ' ಅನ್ನೋ ಮಿತಿಯನ್ನ ಆ ರೂಟರ್‌ಗಳಿಗೆ ಹಾಕಿರಲಿಲ್ಲ.

ರಿಪೋರ್ಟಿನಲ್ಲಿ ನನಗೆ ಅತಿ ಮಜಾ ಅನ್ಸಿದ್ದು, ಮಜಾ ಅನ್ನೋದು ಸರಿಯಾದ ಪದ ಅಲ್ಲ, ಆದ್ರೂ ಇರ್ಲಿ, ಅದು ರಿಸ್ಕ್ ಲೆಕ್ಕ ಹಾಕಿದ ರೀತಿ. ಈ ಏಳು ಹಂತದ ಕೆಲಸಕ್ಕೆ ಮೊದಲು 'ಹೈ ರಿಸ್ಕ್' ಅಂತ ಗುರುತು ಹಾಕಿದ್ರು. ಮೊದಲನೇ ಹಂತ ಸಲೀಸಾಗಿ ಆಯ್ತು. ಮುಂದಿನವು 'ಮೀಡಿಯಂ' ಆದವು. ಅವೂ ಸಲೀಸಾದವು. ಕಂಪನಿಯ ಸಾಫ್ಟ್‌ವೇರ್ ಲೆಕ್ಕಾಚಾರ ಹೇಗಿತ್ತು ಅಂದ್ರೆ, ಹಿಂದಿನದು ಪಾಸಾಗಿದ್ರೆ ಮುಂದಿನದರ ರಿಸ್ಕ್ ತಾನಾಗೇ ಇಳಿಯುತ್ತೆ. ಹಾಗಾಗಿ ಆರನೇ ಹಂತಕ್ಕೆ ಬರೋ ಹೊತ್ತಿಗೆ, ದೇಶದ ಕಾಲುಭಾಗದಷ್ಟು ಜನರ ಫೋನ್ ನಿಲ್ಲಿಸಬಲ್ಲ ಕೆಲಸದ ಮೇಲೆ 'ಲೋ ರಿಸ್ಕ್' ಅನ್ನೋ ಚೀಟಿ ಇತ್ತು. ಲೋ ರಿಸ್ಕ್ ಕೆಲಸಕ್ಕೆ ಮೇಲಿನವರ ಒಪ್ಪಿಗೆ, ಲ್ಯಾಬ್ ಟೆಸ್ಟು ಅಂತ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲ್ಲ ಅಲ್ವಾ? ಐದು ಸಲ ರಾಂಗ್ ಸೈಡಲ್ಲಿ ಬೈಕ್ ಓಡಿಸಿ ಏನೂ ಆಗಲಿಲ್ಲ, ಆರನೇ ಸಲ ಸೇಫ್ ಅಂದ್ಕೊಂಡ ಹಾಗೆ.

ಈಗ ಆ 26 ಗಂಟೆಗೆ ಬರೋಣ.

ರೂಟರ್ ಅನ್ನೋದು ನಾವು ಮುಂದೆ ಕೂತು ಬಟನ್ ಒತ್ತೋ ವಸ್ತು ಅಲ್ಲ. ದೊಡ್ಡ ಕಂಪನಿಗಳಲ್ಲಿ ರೂಟರ್‌ಗಳು ನೂರಾರು ಕಿಲೋಮೀಟರ್ ದೂರದ ಕಟ್ಟಡಗಳಲ್ಲಿ ಬೀಗ ಹಾಕಿದ ರೂಮಲ್ಲಿ ಇರ್ತವೆ. ಎಂಜಿನಿಯರ್‌ಗಳು ಒಂದು ಆಫೀಸಲ್ಲಿ ಕೂತು, ನೆಟ್‌ವರ್ಕ್ ಮೂಲಕನೇ ಅವುಗಳ ಒಳಗೆ ಲಾಗಿನ್ ಆಗ್ತಾರೆ. ಹೀಗೆ ಒಳಗೆ ಹೋಗೋಕೆ ಇರೋ ದಾರಿಗೆ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಅಂತಾರೆ. ರೋಜರ್ಸ್‌ನಲ್ಲಿ ಈ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಯಾವುದರ ಮೇಲೆ ಓಡ್ತಿತ್ತು ಗೊತ್ತಾ? ಬಿದ್ದುಹೋದ ಅದೇ ಕೋರ್ ಮೇಲೆ.

ಅಂದ್ರೆ ಕೋರ್ ಬಿದ್ದ ಕ್ಷಣಕ್ಕೆ, ಅದನ್ನ ಎತ್ತಬೇಕಾದವರ ದಾರಿಯೂ ಬಿತ್ತು. ಎಂಜಿನಿಯರ್ ಪರದೆ ಮುಂದೆ ಕೂತಿದ್ದಾನೆ, ರೂಟರ್ ಉತ್ತರ ಕೊಡ್ತಿಲ್ಲ. ಏನಾಗಿದೆ ಅಂತ ಹೇಳೋ ಎರರ್ ಲಾಗ್‌ಗಳು ಅದೇ ರೂಟರ್ ಒಳಗಿವೆ. ನೋಡೋಕೆ ಆಗ್ತಿಲ್ಲ. ಆ ರಾತ್ರಿ ಮಾಡಿದ ಬದಲಾವಣೆನೇ ಕಾರಣನಾ, ಸೈಬರ್ ದಾಳಿನಾ, ಹಾರ್ಡ್‌ವೇರ್ ಹೋಯ್ತಾ, ಎಲ್ಲಾ ಸಾಧ್ಯತೆಗಳೂ ಮೇಜಿನ ಮೇಲೆ. ಕೊನೆಗೆ ಸಿಬ್ಬಂದಿ ಆಯಾ ಜಾಗಕ್ಕೆ ಖುದ್ದು ಹೋಗಿ ರೂಟರ್‌ಗೆ ಕೈ ಹಚ್ಚಬೇಕಾಯ್ತು. ನಿಜವಾದ ಕಾರಣ ಇದೇ ಅಂತ ಖಚಿತ ಆಗೋಕೆ 14 ಗಂಟೆ ಹಿಡೀತು. 26ರಲ್ಲಿ 14. ಅರ್ಧಕ್ಕಿಂತ ಹೆಚ್ಚು ಸಮಯ ರೋಗ ಏನು ಅಂತ ಕಂಡುಹಿಡಿಯೋಕೇ ಹೋಯ್ತು.

ಇನ್ನೊಂದು ಇದೆ. ರೋಜರ್ಸ್ ಸಿಬ್ಬಂದಿ ಯಾವ ಸಿಮ್ ಬಳಸ್ತಾರೆ? ರೋಜರ್ಸ್ ಸಿಮ್ಮೇ. ಮನೇಲಿ ಯಾವ ಇಂಟರ್ನೆಟ್? ರೋಜರ್ಸ್. ಬೆಳಗಿನ ಜಾವ ಐದಕ್ಕೆ 'ಸಾರ್, ಎದ್ದೇಳಿ, ದೇಶನೇ ಆಫ್ ಆಗಿದೆ' ಅಂತ ಫೋನ್ ಮಾಡೋಕೂ ಆಗಲ್ಲ. ಕೆನಡಾದ ಟೆಲಿಕಾಂ ಕಂಪನಿಗಳು 2015ರಲ್ಲೇ ಒಂದು ಒಪ್ಪಂದ ಮಾಡ್ಕೊಂಡಿದ್ವು. ಇಂಥ ಹೊತ್ತಿಗಂತ ಒಬ್ಬರ ಸಿಮ್ ಇನ್ನೊಬ್ಬರು ಇಟ್ಟುಕೊಳ್ಳೋದು, ಬೆಲ್ ಸಿಮ್ ರೋಜರ್ಸ್ ಹತ್ರ, ರೋಜರ್ಸ್ ಸಿಮ್ ಬೆಲ್ ಹತ್ರ. ಒಳ್ಳೇ ಯೋಚನೆ. ಅದರಿಂದ ಕೆಲವು ಸಿಬ್ಬಂದಿಗೆ ಆ ದಿನ ಮಾತಾಡೋಕೆ ಆಯ್ತು. ಆದ್ರೆ 'ಕೆಲವರಿಗೆ' ಅನ್ನೋದೇ ಅಲ್ಲಿ ಸಮಸ್ಯೆ.

ಈಗ ಆ ಸಿಗ್ನಲ್ ಕಡ್ಡಿ ವಿಷಯ. ನಮ್ಮ 112 ಇದ್ದ ಹಾಗೆ ಅಲ್ಲಿ 911. ನಿಮ್ಮ ನೆಟ್‌ವರ್ಕ್ ಸಿಗದೇ ಇದ್ರೆ, ತುರ್ತು ಕರೆ ಮಾಡುವಾಗ ಫೋನ್ ಸುತ್ತಮುತ್ತ ಸಿಗೋ ಬೇರೆ ಕಂಪನಿಯ ಟವರ್ ಹಿಡಿಯುತ್ತೆ. ಹಾಗೇ ವಿನ್ಯಾಸ ಇರೋದು. ಆದ್ರೆ ಅವತ್ತು ರೋಜರ್ಸ್‌ನ ಟವರ್‌ಗಳು ಪೂರ್ತಿ ಸತ್ತಿರಲಿಲ್ಲ. ಟವರ್ 'ನಾನಿದ್ದೀನಿ' ಅಂತ ಹೇಳ್ತಾನೇ ಇತ್ತು, ಹಿಂದಿನ ಕೋರ್ ಮಾತ್ರ ಇರಲಿಲ್ಲ. ಫೋನ್ ಪಾಪ ಅದನ್ನೇ ನಂಬ್ಕೊಂಡು ಅದಕ್ಕೇ ಅಂಟಿಕೊಂಡು ಕೂತಿತ್ತು. ಬೇರೆ ಟವರ್‌ಗೆ ಹೋಗಲಿಲ್ಲ. ಹಾಗಾಗಿ ಎಷ್ಟೋ 911 ಕರೆಗಳು ಹೋಗಲೇ ಇಲ್ಲ. ಸಿಮ್ ಹೊರಗೆ ತೆಗೆದ್ರೆ ಫೋನ್ ಬೇರೆ ಟವರ್ ಹುಡುಕ್ತಿತ್ತು, ನಿಜ. ಆದ್ರೆ ಎದೆನೋವು ಬಂದ ಅಪ್ಪನ ಪಕ್ಕ ನಿಂತವರಿಗೆ ಸಿಮ್ ತೆಗೆಯೋ ಪಿನ್ ಹುಡುಕು ಅಂತ ಯಾರು ಹೇಳ್ತಾರೆ?

ಪೂರ್ತಿ ಸತ್ತಿದ್ರೆ ಒಳ್ಳೇದಿತ್ತು, ಅರ್ಧ ಸತ್ತಿದ್ದೇ ಕಷ್ಟ ಆಯ್ತು. ಟವರ್‌ಗಳನ್ನ ತಾವೇ ಆಫ್ ಮಾಡೋಣ ಅಂದ್ರೆ? ಅದಕ್ಕೂ ಒಳಗೆ ಲಾಗಿನ್ ಆಗಬೇಕಲ್ಲ! ಬೆಲ್, ಟೆಲಸ್ ಎರಡೂ ಸಹಾಯ ಮಾಡ್ತೀವಿ ಅಂದ್ವು. ಆದ್ರೆ ಗ್ರಾಹಕರನ್ನ ಅವರ ಕಡೆ ದಾಟಿಸೋಕೆ ರೋಜರ್ಸ್‌ಗೆ ತನ್ನ ಗ್ರಾಹಕರ ಡೇಟಾಬೇಸ್ ಕೈಗೆ ಸಿಗಬೇಕಿತ್ತು. ಅದೂ ಅದೇ ಬೀಗದ ಒಳಗೆ.

ಇದು ಕೆನಡಾದವರ ಪೆದ್ದುತನ ಅಂತ ನಗೋಕೆ ಮುಂಚೆ, ನಮಗೆಲ್ಲ ನೆನಪಿರೋ ಒಂದು ರಾತ್ರಿ ಹೇಳ್ತೀನಿ. 2021ರ ಅಕ್ಟೋಬರ್ 4, ಸೋಮವಾರ. ರಾತ್ರಿ ಒಂಬತ್ತೂಕಾಲರ ಸುಮಾರಿಗೆ ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೂರೂ ಒಟ್ಟಿಗೆ ಹೋದವು. ಎಲ್ರೂ ತಮ್ಮ ವೈಫೈ ಆಫ್ ಮಾಡಿ ಆನ್ ಮಾಡಿದ ರಾತ್ರಿ. ಅಲ್ಲೂ ಇದೇ ಕಥೆ. ನಿರ್ವಹಣೆ ಕೆಲಸದ ಹೊತ್ತಲ್ಲಿ ಕೊಟ್ಟ ಒಂದು ಕಮ್ಯಾಂಡ್, ಫೇಸ್‌ಬುಕ್‌ನ ಡೇಟಾ ಸೆಂಟರ್‌ಗಳನ್ನ ಜೋಡಿಸೋ ಇಡೀ ಬೆನ್ನೆಲುಬನ್ನೇ ಕಡಿದು ಹಾಕ್ತು. ಇಂಥ ಕಮ್ಯಾಂಡನ್ನ ತಡೆಯೋಕೆ ಅಂತ ಒಂದು ಟೂಲ್ ಇತ್ತು, ಅದರಲ್ಲೇ ಬಗ್. ಬೆನ್ನೆಲುಬು ಹೋದದ್ದನ್ನ ನೋಡಿದ ಅವರ ಡಿಎನ್‌ಎಸ್ ಸರ್ವರ್‌ಗಳು, ನಮ್ಮ ಸಂಪರ್ಕ ಸರಿ ಇಲ್ಲ ಅಂತ ತೀರ್ಮಾನ ಮಾಡಿ, ಇಂಟರ್ನೆಟ್ಟಿಗೆ ತಮ್ಮ ವಿಳಾಸ ಹೇಳೋದನ್ನೇ ನಿಲ್ಲಿಸಿದ್ವು. ಫೇಸ್‌ಬುಕ್ ಅನ್ನೋ ಊರಿಗೆ ಹೋಗೋ ದಾರಿಯ ಬೋರ್ಡುಗಳೆಲ್ಲಾ ಒಂದೇ ಸಲ ಕಿತ್ತುಹಾಕಿದ ಹಾಗೆ.

ಹೊರಗಿಂದ ಒಳಗೆ ಹೋಗೋ ಮಾಮೂಲಿ ದಾರಿ ಮುಚ್ಚಿತ್ತು, ಬೇರೆ ಅಂತ ಇಟ್ಟಿದ್ದ ದಾರಿಯೂ ಕೈಕೊಟ್ಟಿತು, ಕಂಪನಿ ಒಳಗಿನ ಎಷ್ಟೋ ಟೂಲ್‌ಗಳಿಗೂ ಅದೇ ಡಿಎನ್‌ಎಸ್ ಬೇಕಿತ್ತು. ಎಂಜಿನಿಯರ್‌ಗಳನ್ನ ಡೇಟಾ ಸೆಂಟರಿಗೆ ಕಳಿಸಿದ್ರು. ಡೇಟಾ ಸೆಂಟರ್ ಅಂದ್ರೆ ಕೋಟೆ. ಕಳ್ಳರು ಒಳಗೆ ಬರಬಾರದು, ಬಂದ್ರೂ ಮೆಷಿನ್ ಮುಟ್ಟೋಕೆ ಆಗಬಾರದು ಅಂತಲೇ ಕಟ್ಟಿರ್ತಾರೆ. ತಮ್ಮವರಿಗೇ ಆ ಕೋಟೆ ದಾಟೋಕೆ ಹೊತ್ತು ಹಿಡೀತು. ಸುಮಾರು ಆರು ಗಂಟೆ ಆದಮೇಲೆ ಸೇವೆಗಳು ವಾಪಸ್ ಬಂದ್ವು.

ಮೂರನೇದು ಆಸ್ಟ್ರೇಲಿಯಾ. 2023ರ ನವೆಂಬರ್ 8, ಆಪ್ಟಸ್ ಅನ್ನೋ ಕಂಪನಿ. ಸುಮಾರು 90 ರೂಟರ್‌ಗಳು, ಹೊರಗಿಂದ ಬಂದ ರೂಟಿಂಗ್ ಮಾಹಿತಿ ತಮ್ಮ ಮಿತಿ ಮೀರಿದ ತಕ್ಷಣ, ತಮ್ಮನ್ನ ತಾವೇ ನೆಟ್‌ವರ್ಕಿಂದ ಕಡಿದುಕೊಂಡ್ವು. ಗಮನಿಸಿ, ರೋಜರ್ಸ್‌ನಲ್ಲಿ ಮಿತಿ ಇರಲಿಲ್ಲ ಅಂತ ಬಿತ್ತು, ಇಲ್ಲಿ ಮಿತಿ ಇತ್ತು ಅಂತಲೇ ಬಿತ್ತು. ಒಂದು ಕೋಟಿ ಜನ, ಸುಮಾರು 14 ಗಂಟೆ. ಇಲ್ಲೂ ದೂರದಿಂದ ಸರಿ ಮಾಡೋಕೆ ಆಗದೆ ಜಾಗಕ್ಕೇ ಹೋಗಬೇಕಾಯ್ತು. ಅವರ ತುರ್ತು ನಂಬರ್ ಟ್ರಿಪಲ್ ಝೀರೋಗೆ ಕರೆ ಮಾಡೋಕೆ ಆಗದೇ ಹೋದವರು 2,145 ಜನ ಅಂತ ಆಮೇಲೆ ಲೆಕ್ಕ ಸಿಕ್ತು. ಒಂದು ಕೋಟಿ 20 ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ದಂಡ ಬಿತ್ತು. ಇಡೀ ನೆಟ್‌ವರ್ಕ್ ಒಟ್ಟಿಗೇ ಹೋಗುತ್ತೆ ಅನ್ನೋ ಪರಿಸ್ಥಿತಿಗೆ ಯೋಜನೆ ಇರಲಿಲ್ಲ ಅಂತ ಕಂಪನಿಯವರು ಅಲ್ಲಿನ ಸೆನೆಟ್ ಮುಂದೆ ಒಪ್ಪಿಕೊಂಡ್ರು. ಕೆಲವೇ ದಿನದಲ್ಲಿ ಸಿಇಒ ರಾಜೀನಾಮೆ.

ಹಾಗಾದ್ರೆ ಮೊದಲೇ ಏನು ಮಾಡಿಡಬಹುದು? ಈ ಫೀಲ್ಡಿನವರಿಗೆ ಇದು ಹೊಸದೇನಲ್ಲ. ಮೊದಲನೇದು, ರಿಪೇರಿಗೆ ಬೇರೆಯೇ ದಾರಿ. ಔಟ್ ಆಫ್ ಬ್ಯಾಂಡ್ ಅಂತ ಕರೀತಾರೆ. ಪ್ರತಿ ದೊಡ್ಡ ರೂಟರಿಗೂ ಕನ್ಸೋಲ್ ಪೋರ್ಟ್ ಅಂತ ಒಂದು ಪುಟ್ಟ ಕಿಂಡಿ ಇರುತ್ತೆ. ನೆಟ್‌ವರ್ಕ್ ಇಲ್ಲದಿದ್ರೂ ಕೇಬಲ್ ಚುಚ್ಚಿ ಅದರ ಜೊತೆ ಮಾತಾಡಬಹುದು. ಆ ಕಿಂಡಿಗೆ ಒಂದು ಸಣ್ಣ ಪೆಟ್ಟಿಗೆ ಜೋಡಿಸಿ, ಆ ಪೆಟ್ಟಿಗೆಗೆ ಇನ್ನೊಂದು ಕಂಪನಿಯ ಲೈನೋ 4ಜಿ ಸಿಮ್ಮೋ ಹಾಕಿಟ್ರೆ, ಮುಖ್ಯ ನೆಟ್‌ವರ್ಕ್ ಪೂರ್ತಿ ಬಿದ್ದ ದಿನವೂ ಹಿಂಬಾಗಿಲಿಂದ ಒಳಗೆ ಹೋಗಬಹುದು. ಪ್ರತಿಸ್ಪರ್ಧಿ ಕಂಪನಿಯ ಸಿಮ್ಮನ್ನ ದುಡ್ಡು ಕೊಟ್ಟು ತಗೊಂಡು ತಮ್ಮ ರೂಟರಿಗೆ ಹಾಕೋದು ಟೆಲಿಕಾಂ ಕಂಪನಿಗೆ ಮುಜುಗರ ಇರಬಹುದು. ಇರಲಿ ಬಿಡಿ.

ಎರಡನೇದು ನನಗೆ ತುಂಬಾ ಇಷ್ಟ ಆದದ್ದು. ಜುನಿಪರ್ ಕಂಪನಿ ರೂಟರ್‌ಗಳಲ್ಲಿ 'ಕಮಿಟ್ ಕನ್ಫರ್ಮ್ಡ್' ಅಂತ ಒಂದು ಕಮ್ಯಾಂಡ್ ಇದೆ. ಬದಲಾವಣೆ ಮಾಡ್ತೀರಿ, ರೂಟರ್ ಅದನ್ನ ಜಾರಿಗೆ ತರುತ್ತೆ, ಆದ್ರೆ ಹತ್ತು ನಿಮಿಷ ಕಾಯುತ್ತೆ. ಅಷ್ಟರೊಳಗೆ ನೀವು ಇನ್ನೊಂದು ಸಲ 'ಹೌದು, ಸರಿ ಇದೆ' ಅನ್ನಬೇಕು. ಅನ್ನಲಿಲ್ಲ ಅಂದ್ರೆ, 'ಈ ಮನುಷ್ಯ ತನ್ನ ಬದಲಾವಣೆಯಿಂದ ತಾನೇ ಹೊರಗೆ ಬಿದ್ದಿದ್ದಾನೆ' ಅಂತ ತಿಳ್ಕೊಂಡು ಹಳೇ ಕಾನ್ಫಿಗರೇಷನ್ನಿಗೆ ತಾನೇ ವಾಪಸ್ ಹೋಗುತ್ತೆ. ಸಿಸ್ಕೋದಲ್ಲಿ ಹಳೇ ಕೈಗಳು ಇನ್ನೊಂದು ಉಪಾಯ ಮಾಡ್ತಾರೆ. ಬದಲಾವಣೆಗೆ ಮೊದಲೇ 'ಹತ್ತು ನಿಮಿಷಕ್ಕೆ ರೀಸ್ಟಾರ್ಟ್ ಆಗು' ಅಂತ ಹೇಳಿಡೋದು. ಎಲ್ಲಾ ಸರಿ ಇದ್ರೆ ಆ ರೀಸ್ಟಾರ್ಟ್ ರದ್ದು ಮಾಡಿ, ಆಮೇಲೆ ಸೇವ್ ಮಾಡೋದು. ಸರಿ ಇಲ್ಲ ಅಂದ್ರೆ, ಸೇವ್ ಆಗದ ಬದಲಾವಣೆ ರೀಸ್ಟಾರ್ಟ್ ಜೊತೆ ಅಳಿಸಿಹೋಗುತ್ತೆ. ಕಾಸು ಖರ್ಚಿಲ್ಲ.

ಇದು ಎಲ್ಲಾ ಕಡೆ ನಡೆಯುತ್ತೆ ಅಂತಲ್ಲ. ರೂಟರೇ ಕ್ರ್ಯಾಶ್ ಆದಮೇಲೆ ಸುತ್ತಲಿನ ನೂರು ರೂಟರ್‌ಗಳ ಮೇಲಾದ ಪರಿಣಾಮ ತಾನಾಗೇ ಹಿಂದಕ್ಕೆ ಹೋಗಲ್ಲ. ಅದಕ್ಕೇ ಕಾನ್ಫಿಗರೇಷನ್ ಬ್ಯಾಕಪ್ ಬೇಕು. ಅದು ಬರೀ ಒಂದು ಟೆಕ್ಸ್ಟ್ ಫೈಲ್. ಹೊಸ ರೂಟರ್ ತಂದು ಆ ಫೈಲ್ ತುಂಬಿಸಿದ್ರೆ ಹಳೇ ರೂಟರ್ ಮರುಹುಟ್ಟು ಪಡೀತು ಅಂತಲೇ ಲೆಕ್ಕ. ಆ ಫೈಲನ್ನ ಇಡೋ ಜಾಗ ಮುಖ್ಯ. ಬೀಳೋ ನೆಟ್‌ವರ್ಕಿನ ಆಚೆ ಬದಿ ಸರ್ವರಿನಲ್ಲಿ ಇಟ್ರೆ, ಮಳೆ ಬಂದಾಗ ಛತ್ರಿ ಆಫೀಸಲ್ಲಿತ್ತು ಅನ್ನೋ ಕಥೆ ಆಗುತ್ತೆ.

ದಾರಿ ಸಿಕ್ತು, ಕಾರಣ ಗೊತ್ತಾಯ್ತು ಅಂತಲೇ ಇಟ್ಕೊಳ್ಳಿ. ಎಲ್ಲವನ್ನೂ ಒಂದೇ ಸಲ ಆನ್ ಮಾಡಬಹುದಾ? ಹಳ್ಳಿ ಕಡೆಯವರಿಗೆ ಇದನ್ನ ಹೇಳೋ ಅಗತ್ಯನೇ ಇಲ್ಲ. ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ಏನಾಗುತ್ತೆ? ಆಟೋ ಸ್ಟಾರ್ಟರ್ ಹಾಕಿರೋ ಎಲ್ಲಾ ಪಂಪ್‌ಸೆಟ್ಟೂ ಒಂದೇ ಸಲ ಎಳೀತವೆ, ಟಿಸಿ ಸುಟ್ಟುಹೋಗುತ್ತೆ. ಫೇಸ್‌ಬುಕ್‌ಗೂ ಇದೇ ಭಯ ಇತ್ತು. ಸೇವೆ ನಿಂತಾಗ ಅವರ ಡೇಟಾ ಸೆಂಟರ್‌ಗಳ ವಿದ್ಯುತ್ ಬಳಕೆ ಒಂದೊಂದು ಕಡೆ ಹತ್ತಾರು ಮೆಗಾವ್ಯಾಟ್ ಇಳಿದಿತ್ತು. ಒಮ್ಮೆಲೇ ಎಲ್ಲಾ ಆನ್ ಮಾಡಿದ್ರೆ ವಿದ್ಯುತ್ ವ್ಯವಸ್ಥೆಯಿಂದ ಹಿಡಿದು ಸಾಫ್ಟ್‌ವೇರ್‌ವರೆಗೆ ಎಲ್ಲದಕ್ಕೂ ಅಪಾಯ. ಹಂತ ಹಂತವಾಗಿ ಎತ್ತಿದ್ರು. ಅವರಿಗೆ ಅದು ಸುಲಭ ಆಗಿದ್ದಕ್ಕೆ ಕಾರಣ, 'ಸ್ಟಾರ್ಮ್' ಅನ್ನೋ ಹೆಸರಲ್ಲಿ ಅವರು ಮೊದಲಿಂದಲೂ ಮಾಡ್ತಿದ್ದ ಅಣಕು ಡ್ರಿಲ್‌ಗಳು. ಬೇಕಂತಲೇ ಒಂದು ಡೇಟಾ ಸೆಂಟರನ್ನ ಆಫ್ ಮಾಡಿ, ವಾಪಸ್ ಎತ್ತಿ ಅಭ್ಯಾಸ ಮಾಡೋದು. ಆದ್ರೂ ಇಡೀ ಬೆನ್ನೆಲುಬೇ ಹೋಗೋ ಡ್ರಿಲ್ ಅವರು ಮಾಡಿರಲಿಲ್ಲ.

ಈಗ ನನ್ನ ಏರಿಯಾಗೆ ಬರ್ತೀನಿ, ದುಡ್ಡು. ಈ ಬೇರೆ ದಾರಿ, ಬೇರೆ ಸಿಮ್, ಸ್ಪೇರ್ ರೂಟರ್, ಇವೆಲ್ಲ ಬ್ಯಾಲೆನ್ಸ್ ಶೀಟಲ್ಲಿ ಹೇಗೆ ಕಾಣ್ತವೆ? ಸುಮ್ನೆ ಕೂತ ಆಸ್ತಿ. ವರ್ಷಾನುಗಟ್ಟಲೆ ಒಂದು ರೂಪಾಯಿ ದುಡಿಯಲ್ಲ, ಸವಕಳಿ ಮಾತ್ರ ಬರೀಬೇಕು. ಖರ್ಚು ಕಡಿಮೆ ಮಾಡೋಕೆ ಬಂದ ಹೊಸ ಮ್ಯಾನೇಜರ್ ಕಣ್ಣಿಗೆ ಮೊದಲು ಬೀಳೋದು ಇದೇ. ಮೊಬೈಲಿಗೂ ಮನೆ ಇಂಟರ್ನೆಟ್ಟಿಗೂ ಒಂದೇ ಕೋರ್ ಇದ್ರೆ ಖರ್ಚು ಕಡಿಮೆ, ನಿಜ. ರೋಜರ್ಸ್ ಮಾತ್ರ ಅಲ್ಲ, ಹಲವು ಕಂಪನಿಗಳು ಹಾಗೇ ಮಾಡ್ತವೆ. ಆದ್ರೆ ಆ ಒಂದು ದಿನದ ಬಿಲ್ ನೋಡಿ. ಗ್ರಾಹಕರಿಗೆ ಐದು ದಿನದ ಬಾಡಿಗೆ ವಾಪಸ್, ಅದೇ ಸುಮಾರು 15 ಕೋಟಿ ಕೆನಡಿಯನ್ ಡಾಲರ್. ಆಮೇಲೆ ಮೊಬೈಲ್ ಕೋರ್ ಬೇರೆ, ಇಂಟರ್ನೆಟ್ ಕೋರ್ ಬೇರೆ ಮಾಡ್ತೀವಿ ಅಂದ್ರು, ಅದಕ್ಕೆ ಕನಿಷ್ಠ 25 ಕೋಟಿ ಡಾಲರ್. ಮುಖ್ಯ ತಂತ್ರಜ್ಞಾನ ಅಧಿಕಾರಿಯನ್ನ ಅದೇ ತಿಂಗಳು ಬದಲಾಯಿಸಿದ್ರು. ಕೆನಡಾ ಸರ್ಕಾರ 60 ದಿನದ ಗಡುವು ಕೊಟ್ಟು, ಒಂದು ಕಂಪನಿ ಬಿದ್ರೆ ಇನ್ನೊಂದು ಕಂಪನಿ ತುರ್ತು ರೋಮಿಂಗ್ ಕೊಡಬೇಕು ಅಂತ ಟೆಲಿಕಾಂ ಕಂಪನಿಗಳ ಮಧ್ಯೆ ಒಪ್ಪಂದ ಮಾಡಿಸ್ತು.

ನಮ್ಮ ದೇಶದಲ್ಲಿ ಚಂಡಮಾರುತದ ಹೊತ್ತಲ್ಲಿ ದೂರಸಂಪರ್ಕ ಇಲಾಖೆ ಇಂಥದ್ದೇ ವ್ಯವಸ್ಥೆ ಆನ್ ಮಾಡಿಸುತ್ತೆ. ಇಂಟ್ರಾ ಸರ್ಕಲ್ ರೋಮಿಂಗ್ ಅಂತ ಹೆಸರು. ನಿಮ್ಮ ಕಂಪನಿ ಟವರ್ ಬಿದ್ದಿದ್ರೆ ಪಕ್ಕದ ಕಂಪನಿ ಟವರ್ ನಿಮ್ಮ ಫೋನನ್ನ ಒಳಗೆ ಬಿಟ್ಕೊಳ್ಳುತ್ತೆ. ಟವರ್ ಬಿದ್ದಾಗ ಇದು ಸರಿ. ಕೋರೇ ಬಿದ್ರೆ ಕಷ್ಟ, ಯಾಕಂದ್ರೆ 'ಇವನು ನಮ್ಮ ಗ್ರಾಹಕ ಹೌದು' ಅಂತ ಹೇಳಬೇಕಾದ್ದು ಆ ಬಿದ್ದ ಕೋರೇ.

ಟ್ರಾಯ್‌ನ 2024ರ ಗುಣಮಟ್ಟದ ನಿಯಮಗಳಲ್ಲಿ ಒಂದು ವಿಷಯ ನಿಮಗೆ ಗೊತ್ತಿರಲಿ. ಒಂದು ಜಿಲ್ಲೆಯಲ್ಲಿ 24 ಗಂಟೆಗಿಂತ ಹೆಚ್ಚು ಹೊತ್ತು ನೆಟ್‌ವರ್ಕ್ ಹೋದ್ರೆ, ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕು. ನೈಸರ್ಗಿಕ ವಿಕೋಪಕ್ಕೆ ಇದು ಅನ್ವಯ ಆಗಲ್ಲ. 23 ಗಂಟೆ ಹೋದ್ರೆ? ನಮಗೆ ಸಿಗೋದು ಸೊನ್ನೆ. ನನ್ನ ಪ್ರಕಾರ 24 ಗಂಟೆ ಅನ್ನೋದು ಯುಪಿಐ ಇಲ್ಲದ ಕಾಲದ ಲೆಕ್ಕ. ತರಕಾರಿ ಗಾಡಿಯವರೂ ಕ್ಯೂಆರ್ ಮೇಲೆ ನಡೀತಿರೋ ಈ ಹೊತ್ತಲ್ಲಿ ಆರು ಗಂಟೆ ಹೋದ್ರೂ ಒಂದು ದಿನದ ವ್ಯಾಪಾರ ಹೋದ ಹಾಗೇ.

ಇನ್ನು ನಮ್ಮ ಮಟ್ಟಕ್ಕೆ ಬಂದ್ರೆ. ಡ್ಯುಯಲ್ ಸಿಮ್ ಫೋನಲ್ಲಿ ಎರಡೂ ಸಿಮ್ ಒಂದೇ ಕಂಪನಿಯದ್ದು ಇದ್ರೆ, ನೀವು ಕೂಡ ರೋಜರ್ಸ್ ಸಿಬ್ಬಂದಿ ಥರಾನೇ. ಎರಡನೇದನ್ನ ಬೇರೆ ಕಂಪನಿಯದ್ದು ಮಾಡಿ. ಮನೆ ವೈಫೈ ಯಾವ ಕಂಪನಿದೋ ಮೊಬೈಲ್ ಡೇಟಾ ಅದರದ್ದೇ ಆಗೋದು ಬೇಡ, 'ಕಾಂಬೋ ಆಫರ್' ಎಷ್ಟೇ ಚೆನ್ನಾಗಿದ್ರೂ. ಬ್ಯಾಂಕ್ ಓಟಿಪಿ ಬರೋ ನಂಬರ್ ಯಾವ ಸಿಮ್ಮಲ್ಲಿದೆ ಅಂತ ತಿಳ್ಕೊಂಡಿರಿ. ಪರ್ಸಲ್ಲಿ ಐನೂರು ರೂಪಾಯಿ ಕ್ಯಾಶ್ ಇರಲಿ. ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ಇಡ್ತಿದ್ರಲ್ಲ, ಅದೂ ಔಟ್ ಆಫ್ ಬ್ಯಾಂಡೇ.

ಅಂಗಡಿ, ಕ್ಲಿನಿಕ್ಕು, ಸಹಕಾರ ಸಂಘ, ಟ್ಯೂಷನ್ ಸೆಂಟರ್, ಹೀಗೆ ಎಲ್ಲಿ ವೈಫೈ ರೂಟರ್ ನೋಡ್ಕೊಳ್ಳೋ ಜವಾಬ್ದಾರಿ 'ಕಂಪ್ಯೂಟರ್ ಗೊತ್ತಿರೋ ಹುಡುಗ' ಅಂತ ನಿಮ್ಮ ತಲೆಗೆ ಬಿದ್ದಿದೆಯೋ, ಅವರಿಗೆ ಇನ್ನೊಂದೆರಡು ಮಾತು. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಬ್ಯಾಕಪ್ ಅನ್ನೋ ಬಟನ್ ಬಹುತೇಕ ಎಲ್ಲಾದ್ರಲ್ಲೂ ಇರುತ್ತೆ, ಒತ್ತಿ ಫೈಲ್ ಇಳಿಸ್ಕೊಂಡು ಪೆನ್‌ಡ್ರೈವಲ್ಲಿ ಇಡಿ. ಇಂಟರ್ನೆಟ್ ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ಗ್ರಾಹಕ ಸಂಖ್ಯೆ, ಲೈನ್‌ಮ್ಯಾನ್ ನಂಬರು, ಇಷ್ಟನ್ನ ಪೇಪರ್ ಮೇಲೆ ಪೆನ್ನಲ್ಲಿ ಬರೆದು ಬೀರುವಿನಲ್ಲಿ ಇಡಿ. ಇಂಟರ್ನೆಟ್ ಹೋದ ದಿನ ಗೂಗಲ್ ಡ್ರೈವಲ್ಲಿರೋ ಪಾಸ್‌ವರ್ಡ್ ಯಾರಿಗೆ ಬೇಕು? ಹಿಂದುಗಡೆ ಇರೋ ಪ್ರತಿ ಕೇಬಲ್ಲಿಗೂ ಒಂದು ಚೀಟಿ ಅಂಟಿಸಿ, ಯಾವುದು ಎಲ್ಲಿಂದ ಬಂದಿದೆ ಅಂತ. ಹಳೇ ರೂಟರ್ ಕೆಲಸ ಮಾಡ್ತಿದ್ರೆ ಗುಜರಿಗೆ ಹಾಕಬೇಡಿ. ಅದಕ್ಕೂ ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಇಟ್ಕೊಳ್ಳಿ. ಮುಖ್ಯದ್ದು ಸಿಡಿಲಿಗೆ ಹೋದ್ರೆ, ಮಳೆಗಾಲದಲ್ಲಿ ಮಲೆನಾಡು ಕಡೆ ಇದು ಮಾಮೂಲಿ, ಕೇಬಲ್ ಬದಲಾಯಿಸಿ ಹತ್ತು ನಿಮಿಷದಲ್ಲಿ ಕೆಲಸ ಶುರು ಮಾಡಬಹುದು.

ಆಮೇಲೆ ಒಂದು ಭಾನುವಾರ, ಯಾರೂ ಇಲ್ಲದಾಗ, ಬೇಕಂತಲೇ ಮುಖ್ಯ ರೂಟರಿನ ಪ್ಲಗ್ ಕಿತ್ತು ನೋಡಿ. ಬೀರುವಿನ ಆ ಹಾಳೆ ಮಾತ್ರ ಇಟ್ಕೊಂಡು ಹಳೇ ರೂಟರಲ್ಲಿ ಇಂಟರ್ನೆಟ್ ವಾಪಸ್ ತರೋಕೆ ಆಗುತ್ತಾ ಅಂತ. ಎಷ್ಟು ನಿಮಿಷ ಹಿಡೀತು ಅಂತ ಕಾಮೆಂಟಲ್ಲಿ ಹಾಕಿ. ಮುಂದಿನ ವಾರ ಸಿಗ್ತೀನಿ.